ಒಬ್ಬ ಕವಿಗೆ ಒಂದು ಕಪಾಟು

ತಾಳೆಗರಿಯ ಕಾಲದ ಲಿಪಿಕಾರರು ಗ್ರಂಥವೊಂದನ್ನು ಬರೆದು ಮುಗಿಸಿದ ಮೇಲೆ ಅದರ ಕೊನೆಯಲ್ಲಿ ಓದುಗನಿಗೆ ಒಂದು ವಿಜ್ಞಾಪನೆಯನ್ನು ಸೇರಿಸುವ ಪದ್ಧತಿಯಿತ್ತು. ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಈ ಹೊತ್ತಗೆಯನ್ನು ಕಾಪಾಡಬೇಕು, ಇದರ ಬೆಲೆಯನ್ನರಿಯದವನ ಕೈಗೆ ಇದನ್ನು ಒಪ್ಪಿಸಬಾರದು ಎಂಬುದು ಅದರ ತಾತ್ಪರ್ಯ. ಬರೆದವನ ಹೆಸರು ಎಷ್ಟೋ ಗ್ರಂಥಗಳಲ್ಲಿ ಉಳಿದಿಲ್ಲ; ಈ ಬೇಡಿಕೆ ಮಾತ್ರ ಉಳಿದಿದೆ. ನಾವು ಕೂಡ ನವರಾತ್ರಿಯಲ್ಲಿ ಪುಸ್ತಕಗಳನ್ನು ಪೀಠದ ಮೇಲಿಟ್ಟು ಸರಸ್ವತಿಯನ್ನು ಆವಾಹನೆ ಮಾಡುತ್ತೇವೆ. ಹೂವು ಅಕ್ಷತೆಗಳನ್ನು ಏರಿಸಿ ನಮಸ್ಕರಿಸುತ್ತೇವೆ. ವಿಜಯದಶಮಿ ಕಳೆದ ಬಳಿಕ ಅವೇ ಪುಸ್ತಕಗಳು ಅಟ್ಟವನ್ನು ಸೇರುತ್ತವೆ. ಅಟ್ಟದಿಂದ ಅವು ಮತ್ತೆಲ್ಲಿಗೆ ಹೋಗುತ್ತವೆಂಬುದನ್ನು ವಿಚಾರಿಸುವವರು ವಿರಳ. ಈ ತಿಂಗಳು ನಾವು ವಾಚಕ ಮಹಾಶಯರ ಮುಂದೆ ಇಡಬೇಕೆಂದಿರುವ ವಿಷಯವು ಇದೇ ಆಗಿದೆ. ಅದಕ್ಕೆ ದೃಷ್ಟಾಂತವಾಗಿ ಐರ್ಲೆಂಡೆಂಬ ಪುಟ್ಟ ದ್ವೀಪದ ಕವಿಗಳಿಬ್ಬರನ್ನು ತೆಗೆದುಕೊಂಡಿದ್ದೇವೆ. ಅವರಲ್ಲಿ ಒಬ್ಬನು ನಮ್ಮ ಮೈಸೂರಿಗೆ ಬಂದವನು ಎಂಬುದನ್ನು ಕೇಳಿದರೆ ವಾಚಕರಿಗೆ ಈ ದೂರದ ಮಾತು ಅಷ್ಟು ದೂರದ್ದಾಗಿ ತೋರಲಾರದು.

ಮೊದಲನೆಯವನು ವಿಲಿಯಂ ಬಟ್ಲರ್ ಯೇಟ್ಸ್. ಈತನು 1865ರಲ್ಲಿ ಡಬ್ಲಿನ್ ನಗರದ ಬಳಿ ಜನಿಸಿ, 1923ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದು, 1939ರಲ್ಲಿ ಫ್ರಾನ್ಸ್ ದೇಶದಲ್ಲಿ ಕಾಲವಾದನು. ಒಂಬತ್ತು ವರ್ಷಗಳ ಬಳಿಕ, 1948ರಲ್ಲಿ, ಅವನ ಅವಶೇಷಗಳನ್ನು ಐರ್ಲೆಂಡಿಗೆ ತಂದು ಅವನ ಪೂರ್ವಿಕರ ಸೀಮೆಯಲ್ಲಿ ಮಣ್ಣುಮಾಡಿದರು. ದೇಹಕ್ಕೆ ಆದ ಸಂಸ್ಕಾರ ಇಷ್ಟು. ಅವನ ಪುಸ್ತಕಗಳಿಗೆ ಆದ ಸಂಸ್ಕಾರವು ಇದಕ್ಕಿಂತ ದೊಡ್ಡದು. ಡಬ್ಲಿನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಅವನ ಹಸ್ತಪ್ರತಿಗಳನ್ನು ಅವನ ಮನೆಯವರೇ ಒಪ್ಪಿಸಿ ಇರಿಸಿದ್ದಾರೆ. ಅವನು ಓದುತ್ತಿದ್ದ ಸ್ವಂತ ಪುಸ್ತಕಗಳೂ ಅಲ್ಲಿವೆ. ಸಾಗರದಾಚೆ ಅಮೆರಿಕದ ಹಲವು ವಿದ್ಯಾಪೀಠಗಳಲ್ಲಿಯೂ ಅವನ ಗ್ರಂಥಗಳಿಗೆಂದೇ ಬೇರೆ ಭಂಡಾರಗಳುಂಟು. ಅಂತಹ ಕೊಠಡಿಗಳಲ್ಲಿ ಗಾಳಿಯ ತೇವವನ್ನು ಅಳೆದು ಹದವಾಗಿಟ್ಟಿರುತ್ತಾರೆ. ಬಿಸಿಲು ಬೀಳದಂತೆ ಕಿಟಕಿಗಳನ್ನು ಮರೆಮಾಡಿರುತ್ತಾರೆ. ಓದಲು ಬಂದವನು ಲೇಖನಿಯನ್ನು ಹೊರಗಿಟ್ಟು ಸೀಸದ ಕಡ್ಡಿಯನ್ನು ಮಾತ್ರ ಒಳಕ್ಕೆ ಒಯ್ಯಬೇಕು.

ಒಬ್ಬ ಕವಿಯ ಸಮಗ್ರ ಕವಿತೆಗಳು ಒಂದೇ ಸಂಪುಟದಲ್ಲಿ ಅಂಗಡಿಯಲ್ಲಿ ದೊರೆಯುತ್ತಿರುವಾಗ ಇಷ್ಟೊಂದು ಆಡಂಬರವೇಕೆಂದು ಗೃಹಸ್ಥರು ಕೇಳಬಹುದು. ಸಂಸ್ಕೃತವನ್ನು ಓದಿದವರಿಗೆ ಇದರ ಉತ್ತರವು ಒಂದೇ ಪದದಲ್ಲಿ ದೊರೆಯುತ್ತದೆ, ಅದು ಪಾಠಾಂತರ. ಯೇಟ್ಸ್ ಕವಿಯು ತಾನು ಬರೆದುದನ್ನು ಬರೆದಂತೆಯೇ ಬಿಟ್ಟವನಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಅಚ್ಚುಹಾಕಿಸಿದ ಕವಿತೆಯನ್ನು ಅರವತ್ತರ ವಯಸ್ಸಿನಲ್ಲಿ ಮತ್ತೆ ಕೈಗೆ ತೆಗೆದುಕೊಂಡು ಪದಗಳನ್ನೂ ಪಾದಗಳನ್ನೂ ಬದಲಿಸುತ್ತಿದ್ದನು. ಕಡೆಯ ಸಂಪುಟವೊಂದನ್ನೇ ಓದಿದವನಿಗೆ ವೃದ್ಧನ ಕೈ ಕಾಣುತ್ತದೆ, ಯುವಕನ ಕೈ ಕಾಣುವುದಿಲ್ಲ. ಎರಡನ್ನೂ ನೋಡಬೇಕಾದರೆ ಒಂದೊಂದು ಮುದ್ರಣವನ್ನೂ ಪಕ್ಕಪಕ್ಕದಲ್ಲಿ ತೆರೆದಿಡಬೇಕು. ನಮ್ಮ ದೇಶದಲ್ಲಿಯೂ ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಪಂಡಿತರು 1919ರಿಂದ 1966ರ ವರೆಗೆ ಮಹಾಭಾರತದ ಸಾವಿರಕ್ಕೂ ಮೇಲ್ಪಟ್ಟ ಹಸ್ತಪ್ರತಿಗಳನ್ನು ಪರಿಶೀಲಿಸಿ ಅದರ ಪರಿಶೋಧಿತ ಪಾಠವನ್ನು ಸಿದ್ಧಪಡಿಸಿದುದು ಇದೇ ನ್ಯಾಯದಿಂದಲೇ. ಅವರಿಗೆ ಕಾಶ್ಮೀರದ ಪ್ರತಿಯೂ ಬೇಕಾಗಿತ್ತು, ಕೇರಳದ ಪ್ರತಿಯೂ ಬೇಕಾಗಿತ್ತು. ಯಾರ ಮನೆಯ ಅಟ್ಟದಲ್ಲಿಯೋ ಉಳಿದಿದ್ದ ಹೊತ್ತಗೆಯು ಇಲ್ಲದೆ ಹೋಗಿದ್ದರೆ ವ್ಯಾಸರ ಒಂದು ಮಾತು ಸಂದಿಗ್ಧವಾಗಿಯೇ ಇರುತ್ತಿತ್ತು.

ಎರಡನೆಯ ಕಾರಣವು ಪುಸ್ತಕದ ಹುಟ್ಟಿನಲ್ಲಿದೆ. ಯೇಟ್ಸನ ತಂಗಿ ಎಲಿಜಬೆತ್ ಎಂಬಾಕೆಯು ಡಬ್ಲಿನ್ನಿನ ಸಮೀಪದಲ್ಲಿ ಒಂದು ಕೈಮುದ್ರಣಾಲಯವನ್ನು ನಡೆಸುತ್ತಿದ್ದಳು. ಮೊದಲು ಡನ್ ಎಮರ್ ಎಂಬ ಹೆಸರಿದ್ದ ಆ ಉದ್ಯಮವು 1908ರಿಂದ ಕ್ವಾಲ ಮುದ್ರಣಾಲಯವೆನಿಸಿತು. ಅಲ್ಲಿ ಅಚ್ಚುಮೊಳೆಗಳನ್ನು ಜೋಡಿಸುತ್ತಿದ್ದವರು ಆ ಸೀಮೆಯ ಹೆಣ್ಣುಮಕ್ಕಳು. ಕಾಗದವು ಐರ್ಲೆಂಡಿನಲ್ಲಿಯೇ ತಯಾರಾದುದು. ಅಲ್ಲಿಯ ಮೊದಲ ಪುಸ್ತಕವು ಯೇಟ್ಸನ ಕವಿತೆಗಳದು. 1903ರಲ್ಲಿ ಅದರ 325 ಪ್ರತಿಗಳನ್ನು ಮಾತ್ರ ತೆಗೆದರು. ಇದೇ ಮುದ್ರಣಾಲಯದಿಂದ 1914ರಲ್ಲಿ ನಮ್ಮ ರವೀಂದ್ರನಾಥ ಠಾಕೂರರ ಅಂಚೆಯ ಮನೆಯ ನಾಟಕವು ಇಂಗ್ಲಿಷಿನಲ್ಲಿ 400 ಪ್ರತಿಗಳಾಗಿ ಹೊರಬಂದಿತು. ಅದಕ್ಕೆ ಮುನ್ನುಡಿಯನ್ನು ಬರೆದವನು ಯೇಟ್ಸ್. ಅದಕ್ಕೆ ಎರಡು ವರ್ಷ ಮೊದಲು, 1912ರಲ್ಲಿ, ಲಂಡನ್ನಿನಲ್ಲಿ ಗೀತಾಂಜಲಿಯು ಪ್ರಕಟವಾದಾಗ ಅದರ ಪೀಠಿಕೆಯೂ ಅವನದೇ. ಆ ಮೊದಲ ಮುದ್ರಣದಲ್ಲಿದ್ದುದು 750 ಪ್ರತಿಗಳು. ಮರುವರ್ಷ ಠಾಕೂರರಿಗೆ ನೊಬೆಲ್ ಪಾರಿತೋಷಕವು ಬಂದುದು ಎಲ್ಲರಿಗೂ ತಿಳಿದ ವಿಷಯ. ಮುನ್ನೂರು ನಾನ್ನೂರು ಪ್ರತಿಗಳೆಂದರೆ ನಮ್ಮ ಕಡೆಯ ಒಂದು ಮದುವೆಯ ಆಮಂತ್ರಣ ಪತ್ರಿಕೆಗಿಂತಲೂ ಕಡಿಮೆ. ಅದರಲ್ಲಿ ಮಳೆಗೆ, ಬೆಂಕಿಗೆ, ಯುದ್ಧಕ್ಕೆ, ಅಜ್ಞಾನಕ್ಕೆ ಹೋದುದನ್ನು ಕಳೆದರೆ ಉಳಿಯುವುದೆಷ್ಟು?

ಈ ಕವಿಗೂ ನಮ್ಮ ದೇಶಕ್ಕೂ ಇದ್ದ ನಂಟು ಮುನ್ನುಡಿಗಳಿಗೆ ಮುಗಿಯಲಿಲ್ಲ. ತನ್ನ ಕಡೆಗಾಲದಲ್ಲಿ ಅವನು ಮಹಾರಾಷ್ಟ್ರದ ಶ್ರೀ ಪುರೋಹಿತ ಸ್ವಾಮಿ ಎಂಬವರೊಡನೆ ಕುಳಿತು ಹತ್ತು ಮುಖ್ಯೋಪನಿಷತ್ತುಗಳನ್ನು ಇಂಗ್ಲಿಷಿಗೆ ತಂದನು. ಆ ಗ್ರಂಥವು 1937ರಲ್ಲಿ ಪ್ರಕಟವಾಯಿತು. ಎಪ್ಪತ್ತು ವರ್ಷದ ಕವಿಯು ಸ್ಪೇನಿಗೆ ಸೇರಿದ ಒಂದು ದ್ವೀಪದಲ್ಲಿ ಚಳಿಗಾಲವನ್ನು ಕಳೆಯುತ್ತ, ಸ್ವಾಮಿಗಳು ಅರ್ಥ ಹೇಳಿದಂತೆ ಉಪನಿಷದ್ವಾಕ್ಯಗಳಿಗೆ ತನ್ನ ಭಾಷೆಯಲ್ಲಿ ಮಾತು ಹುಡುಕುತ್ತಿದ್ದ ಸಂಗತಿಯನ್ನು ನೆನೆದಾಗಲೆಲ್ಲ ನಮಗೆ ಒಂದು ಬಗೆಯ ಬಾಂಧವ್ಯವು ತೋರುತ್ತದೆ. ಮೂವತ್ತು ವರ್ಷ ನಾವು ಮಾಡಿದ ಕೆಲಸವೂ ಅದೇ ಜಾತಿಯದು. ಕೇಳುತ್ತಿದ್ದವರು ಮಾತ್ರ ಒಂಬತ್ತನೆಯ ತರಗತಿಯ ಹುಡುಗರು.

ಇಂತಹ ಭಂಡಾರಗಳನ್ನು ಕೂಡಿಸಿದವರು ಯಾರು? ಅರಸರೂ ಕೋಟ್ಯಧೀಶರೂ ಇರಬೇಕೆಂದು ತೋರುವುದು ಸಹಜ. ಆದರೆ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿರುವ ಐರಿಷ್ ಗ್ರಂಥಗಳ ದೊಡ್ಡ ಸಂಗ್ರಹವನ್ನು ಕೂಡಿಸಿದವನು ಪಿ. ಎಸ್. ಓಹೆಗಾರ್ಟಿ ಎಂಬ ಒಬ್ಬ ಸರಕಾರೀ ನೌಕರನು. ಐರ್ಲೆಂಡು ಸ್ವತಂತ್ರವಾದ ಬಳಿಕ 1922ರಿಂದ 1945ರ ವರೆಗೆ ಅಲ್ಲಿಯ ಅಂಚೆ ಮತ್ತು ತಂತಿ ಇಲಾಖೆಗೆ ಅವನು ಕಾರ್ಯದರ್ಶಿಯಾಗಿದ್ದನು. ಕಚೇರಿಯ ಕೆಲಸವನ್ನು ಮುಗಿಸಿ ಮನೆಗೆ ಬಂದು ತನ್ನ ದೇಶದ ಲೇಖಕರ ಪುಸ್ತಕಗಳನ್ನು ಒಂದೊಂದಾಗಿ ಸಂಗ್ರಹಿಸಿ, ಯಾವ ಪುಸ್ತಕವು ಯಾವ ವರ್ಷ, ಎಷ್ಟು ಪುಟಗಳಲ್ಲಿ, ಯಾರಿಂದ ಪ್ರಕಟವಾಯಿತೆಂಬ ಪಟ್ಟಿಗಳನ್ನು ತಯಾರಿಸುತ್ತಿದ್ದನು. 1955ರಲ್ಲಿ ಅವನು ತೀರಿಕೊಂಡ ಮೇಲೆ ಆ ಸಂಗ್ರಹವು ಸಮುದ್ರವನ್ನು ದಾಟಿ ಕಾನ್ಸಾಸನ್ನು ಸೇರಿತು. ತನ್ನ ದೇಶದಲ್ಲಿಯೇ ಉಳಿಯಬಹುದಾಗಿದ್ದ ಸಂಪತ್ತು ಪರದೇಶಕ್ಕೆ ಹೋಯಿತೆಂದು ಅಲ್ಲಿಯವರಲ್ಲಿ ಕೆಲವರಿಗಾದರೂ ವ್ಯಥೆಯಾಗಿರಬೇಕು. ಆದರೂ ಅದು ಒಡೆದು ಚೂರಾಗಲಿಲ್ಲ, ತೂಕಕ್ಕೆ ಹೋಗಲಿಲ್ಲ. ಓದುವವನು ಎಲ್ಲಿಂದ ಬಂದರೂ ಒಂದೇ ಸೂರಿನ ಕೆಳಗೆ ದೊರೆಯುತ್ತದೆ.

ಇನ್ನು ಎರಡನೆಯ ಕವಿಯ ವಿಚಾರ. ಈತನ ಹೆಸರು ಜೇಮ್ಸ್ ಹೆನ್ರಿ ಕಸಿನ್ಸ್. 1873ರಲ್ಲಿ ಬೆಲ್‌ಫಾಸ್ಟ್ ಪಟ್ಟಣದಲ್ಲಿ ಹುಟ್ಟಿದವನು. 1894ರಲ್ಲಿಯೇ ಅವನ ಮೊದಲ ಕವನಸಂಗ್ರಹವು ಅಲ್ಲಿ ಹೊರಬಿದ್ದಿತ್ತು. ಯೇಟ್ಸ್ ಮೊದಲಾದವರು ಐರಿಷ್ ನಾಟಕರಂಗವನ್ನು ಕಟ್ಟುತ್ತಿದ್ದ ದಿನಗಳಲ್ಲಿ ಈತನೂ ನಾಟಕಗಳನ್ನು ಬರೆದು ಆ ಗುಂಪಿನಲ್ಲಿದ್ದನು. ಮುಂದೆ ಜಗದ್ವಿಖ್ಯಾತನಾದ ಜೇಮ್ಸ್ ಜಾಯ್ಸ್ ಎಂಬ ಲೇಖಕನು 1904ರಲ್ಲಿ, ತಲೆಯ ಮೇಲೆ ಸೂರಿಲ್ಲದ ಕೆಲವು ದಿನ, ಈ ಕಸಿನ್ಸ್ ದಂಪತಿಗಳ ಮನೆಯಲ್ಲಿಯೇ ಆಶ್ರಯ ಪಡೆದಿದ್ದನು. 1915ರಲ್ಲಿ ಶ್ರೀಮತಿ ಆನಿ ಬೆಸೆಂಟರ ಆಹ್ವಾನದಂತೆ ದಂಪತಿಗಳು ಹಿಂದೂದೇಶಕ್ಕೆ ಬಂದರು. ಮದರಾಸಿನಲ್ಲಿ ಕೆಲಕಾಲ ಪತ್ರಿಕೆಯ ಕೆಲಸವನ್ನು ಮಾಡಿ, ಅನಂತರ ಮದನಪಲ್ಲಿಯ ಥಿಯಾಸೊಫಿಕಲ್ ಕಾಲೇಜಿನಲ್ಲಿ ಅವನು ಅಧ್ಯಾಪಕನಾದನು. 1919ರಲ್ಲಿ ಠಾಕೂರರು ಅಲ್ಲಿಗೆ ಬಂದು ತಂಗಿದ್ದಾಗ ಜನಗಣಮನ ಗೀತೆಯ ಸ್ವರಗಳನ್ನು ಪಾಶ್ಚಾತ್ಯ ಸಂಗೀತ ಲಿಪಿಯಲ್ಲಿ ಬರೆದಿಟ್ಟವಳು ಅವನ ಪತ್ನಿ ಮಾರ್ಗರೆಟ್. ಅಖಿಲ ಭಾರತ ಮಹಿಳಾ ಸಮ್ಮೇಳನವು 1927ರಲ್ಲಿ ಸ್ಥಾಪಿತವಾದುದರಲ್ಲಿ ಆಕೆಯ ಪಾತ್ರವು ಮುಖ್ಯವಾದುದು. ಕಸಿನ್ಸನು ನಮ್ಮ ದೇಶವನ್ನೇ ತನ್ನ ದೇಶವನ್ನಾಗಿ ಮಾಡಿಕೊಂಡು ಜಯರಾಮ ಎಂಬ ಹೆಸರನ್ನೂ ಇಟ್ಟುಕೊಂಡು, 1956ರಲ್ಲಿ ಮದನಪಲ್ಲಿಯಲ್ಲಿಯೇ ದೇಹವನ್ನು ಬಿಟ್ಟನು.

ಮೈಸೂರಿಗೂ ಅವನಿಗೂ ಎರಡು ವಿಧದ ಋಣವುಂಟು. ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ನೋಡದ ಮೈಸೂರು ಸೀಮೆಯ ಗೃಹಸ್ಥನಿಲ್ಲ. ಅಲ್ಲಿ ಭಾರತೀಯ ಚಿತ್ರಕಾರರ ಕೃತಿಗಳನ್ನು 1924ರ ಸುಮಾರಿನಲ್ಲಿ ಒಟ್ಟುಗೂಡಿಸಿ ಅಣಿಗೊಳಿಸಿದ ಕೆಲಸದಲ್ಲಿ ಕಸಿನ್ಸನ ಸಲಹೆಯೂ ಶ್ರಮವೂ ಇವೆ. ಎರಡನೆಯದು ಇದಕ್ಕಿಂತ ಹಿರಿದು. ಆ 1924ರಲ್ಲಿಯೇ, ಮಲೆನಾಡಿನ ಕುಪ್ಪಳಿಯಿಂದ ಓದಲು ಬಂದಿದ್ದ ಒಬ್ಬ ತರುಣನು ತಾನು ಬರೆದ ಇಂಗ್ಲಿಷ್ ಕವಿತೆಗಳನ್ನು ಹಿಡಿದುಕೊಂಡು ಕಸಿನ್ಸನನ್ನು ಕಾಣಲು ಹೋದನು. ತರುಣನ ಇಂಗ್ಲಿಷ್ ಕವನಗಳ ಪುಟ್ಟ ಪುಸ್ತಕವೊಂದು 1922ರಲ್ಲಿ ಆಗಲೇ ಅಚ್ಚಾಗಿತ್ತು. ಕಸಿನ್ಸನು ಅವನ್ನು ಓದಿ ಹೊಗಳಿ ಕಳುಹಿಸಬಹುದಾಗಿತ್ತು. ಹಾಗೆ ಮಾಡದೆ, ನಿನ್ನ ತಾಯಿನುಡಿಯಲ್ಲಿ ಏನಾದರೂ ಬರೆದಿದ್ದೀಯಾ ಎಂದು ಕೇಳಿದನು. ಹೊಸ ಭಾವಗಳನ್ನು ಹೊರುವ ಶಕ್ತಿ ಕನ್ನಡಕ್ಕಿಲ್ಲವೆಂದು ತರುಣನು ವಾದಿಸಲು, ಶಕ್ತಿಯಿಲ್ಲದ ಭಾಷೆಯೆಂಬುದಿಲ್ಲ, ಶಕ್ತನಾದ ಕವಿಯು ಬಂದಾಗ ಭಾಷೆಯು ತಾನಾಗಿ ಶಕ್ತವಾಗುತ್ತದೆ ಎಂಬರ್ಥದಲ್ಲಿ ಬುದ್ಧಿ ಹೇಳಿ, ವಂಗಭಾಷೆಯಲ್ಲಿ ಠಾಕೂರರು ಮಾಡಿದುದನ್ನು ನೆನಪಿಸಿದನು. ಆ ತರುಣನೇ ಕೆ. ವಿ. ಪುಟ್ಟಪ್ಪನವರು, ನಮ್ಮ ಕುವೆಂಪು. ಈ ಭೇಟಿಯ ವೃತ್ತಾಂತವನ್ನು ಅವರೇ ತಮ್ಮ ಆತ್ಮಕಥೆಯಾದ ‘ನೆನಪಿನ ದೋಣಿಯಲ್ಲಿ’ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. 1949ರಲ್ಲಿ ಹೊರಬಂದ ‘ಶ್ರೀ ರಾಮಾಯಣ ದರ್ಶನಂ’ ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿಯನ್ನು ತಂದಿತು. ಪರಭಾಷೆಯ ಕವಿಯೊಬ್ಬನು ತನ್ನ ಭಾಷೆಯ ಶಿಷ್ಯನೊಬ್ಬನನ್ನು ಬಿಟ್ಟುಕೊಟ್ಟು ನಮಗೆ ಒಬ್ಬ ಮಹಾಕವಿಯನ್ನು ಒಪ್ಪಿಸಿದನು. ಇದಕ್ಕಿಂತ ದೊಡ್ಡ ದಾನವನ್ನು ನಾವರಿಯೆವು.

ಹೀಗಿರಲಾಗಿ, ಆ ಕಸಿನ್ಸನ ಪುಸ್ತಕಗಳು ನಮ್ಮಲ್ಲಿ ಎಲ್ಲಿವೆ? ಅವು ಬಹುಮಟ್ಟಿಗೆ ಮದರಾಸಿನಲ್ಲಿ ಅಚ್ಚಾದುವು. 1917ರಲ್ಲಿ ಇಂಗ್ಲಿಷ್ ಸಾಹಿತ್ಯದ ಹೊಸ ಹಾದಿಗಳನ್ನು ಕುರಿತು ಅವನು ಬರೆದ ಪುಸ್ತಕವನ್ನು ವಿಮರ್ಶಿಸಹೊರಟ ಶ್ರೀ ಅರವಿಂದರ ಲೇಖನವು ಬೆಳೆದು ಬೆಳೆದು ಮುಂದಿನ ಕಾವ್ಯವನ್ನು ಕುರಿತ ಒಂದು ಸ್ವತಂತ್ರ ಗ್ರಂಥವೇ ಆಯಿತು. 1918ರಲ್ಲಿ ಹಿಂದೂದೇಶದ ಪುನರುಜ್ಜೀವನವನ್ನು ಕುರಿತ ಗ್ರಂಥವೂ, 1950ರಲ್ಲಿ ದಂಪತಿಗಳಿಬ್ಬರೂ ಸೇರಿ ಬರೆದ ಆತ್ಮಕಥೆಯೂ ಪ್ರಕಟವಾದುವು. ಇವು ಗೀತಾಂಜಲಿಯಂತೆ ಮರಳಿ ಮರಳಿ ಅಚ್ಚಾದ ಪುಸ್ತಕಗಳಲ್ಲ. ಆ ಕಾಲದ ಶಾಲಾ ಉಪಾಧ್ಯಾಯರು, ವಕೀಲರು, ಅಮಲ್ದಾರರು ಕೊಂಡು ಓದಿ ಮನೆಯ ಗೂಡಿನಲ್ಲಿ ಇಟ್ಟುಕೊಂಡವು. ಆ ಮನೆಗಳಲ್ಲಿ ಈಗ ಮೂರನೆಯ ತಲೆಮಾರಿನವರಿದ್ದಾರೆ. ಅನೇಕ ಮನೆಗಳಲ್ಲಿ ಯಾರೂ ಇಲ್ಲ.

ಇದು ಊಹೆಯ ಮಾತಲ್ಲ. ನಮ್ಮ ಹಂಪಾಪುರವು ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಹೋಬಳಿಯ ಊರು. ಇಲ್ಲಿ ರಾಗಿ, ಹತ್ತಿ, ಹೊಗೆಸೊಪ್ಪುಗಳ ಮಾತೇ ಹೆಚ್ಚು. ಹಾಗಿದ್ದರೂ ಈ ಕಡೆಯಲ್ಲಿ ಒಬ್ಬ ಹಿರಿಯ ಪಂಡಿತರಿದ್ದರು. ಸಂಸ್ಕೃತದಲ್ಲಿ ನಮಗಿಂತ ಎಷ್ಟೋ ಮೇಲಾದವರು. ಇಂಗ್ಲಿಷನ್ನು ತಾವಾಗಿ ಕಲಿತವರು. ಅವರು ತೀರಿಕೊಂಡ ಎರಡನೆಯ ವರ್ಷ ಅವರ ಮನೆಯನ್ನು ಕೆಡವಿ ಕಟ್ಟುವ ಸಂದರ್ಭವು ಬಂದಿತು. ಮಕ್ಕಳು ದೂರದ ಊರುಗಳಲ್ಲಿ ಉದ್ಯೋಗದಲ್ಲಿದ್ದವರು. ಎರಡು ದಿನದ ರಜೆಯ ಮೇಲೆ ಬಂದಿದ್ದರು. ಮರದ ಪೆಟ್ಟಿಗೆಗಳನ್ನು ಇಟ್ಟುಕೊಂಡು ಅವುಗಳೊಳಗಿದ್ದುದನ್ನು ಗುಜರಿಯವನಿಗೆ ತೂಕಕ್ಕೆ ಹಾಕಿಸಿದರು. ಅವರನ್ನು ದೂಷಿಸಲು ನಮಗೆ ಮನಸ್ಸಿಲ್ಲ. ಯಾವುದು ಬೆಲೆಯುಳ್ಳದ್ದೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸುದ್ದಿ ತಿಳಿದು ನಾವು ಹೋಗುವ ವೇಳೆಗೆ ಆರು ಮೂಟೆಗಳು ಹೊರಟುಹೋಗಿದ್ದವು. ಎರಡು ಮೂಟೆಗಳು ಜಗಲಿಯ ಮೇಲಿದ್ದವು. ಪಂಡಿತರ ಧರ್ಮಪತ್ನಿಯವರು ಬಾಗಿಲ ಬಳಿ ನಿಂತು, “ಮೇಷ್ಟ್ರೇ, ನನಗೆ ಇಂಗ್ಲಿಷು ಬರೋದಿಲ್ಲ. ಆದರೆ ಆ ಪುಸ್ತಕಗಳನ್ನು ಮುಟ್ಟೋ ಮುಂಚೆ ಅವರು ಕೈ ತೊಳೆದುಕೊಳ್ಳುತ್ತಿದ್ದರು. ಅಷ್ಟು ನನಗೆ ಗೊತ್ತು” ಎಂದರು. ಗುಜರಿಯವನಿಗೆ ಅವನು ಕೊಟ್ಟಿದ್ದ ಹಣದ ಮೇಲೆ ಇಷ್ಟು ಸೇರಿಸಿ ಕೊಟ್ಟು ಎರಡು ಮೂಟೆಗಳನ್ನೂ ಮನೆಗೆ ತಂದೆವು. ಬಿಚ್ಚಿ ನೋಡಲಾಗಿ, ‘ಪ್ರಬುದ್ಧ ಕರ್ಣಾಟಕ’ದ ಹಳೆಯ ಸಂಚಿಕೆಗಳು, ಕುವೆಂಪು ಅವರ ಮೊದಲ ಕವನಸಂಗ್ರಹವಾದ ‘ಕೊಳಲು’, ಅದರ ಕೆಳಗೆ ರಟ್ಟು ಕಳಚಿದ ಕಸಿನ್ಸನ ಎರಡು ಪುಸ್ತಕಗಳು. ಒಂದರ ಅಂಚಿನಲ್ಲಿ ಪಂಡಿತರು ಸೀಸದ ಕಡ್ಡಿಯಿಂದ ಸಂಸ್ಕೃತದಲ್ಲಿ ಟಿಪ್ಪಣಿಗಳನ್ನು ಬರೆದಿದ್ದಾರೆ. ಐರಿಷ್ ಕವಿಯೊಬ್ಬನ ಮಾತಿಗೆ ನಮ್ಮ ಹೋಬಳಿಯ ಪಂಡಿತನೊಬ್ಬನು ಧ್ವನಿಸಿದ್ಧಾಂತವನ್ನು ಮುಂದಿಟ್ಟು ಮಾಡಿದ ಆಕ್ಷೇಪಣೆ, ಸಮಾಧಾನಗಳು ಅಲ್ಲಿವೆ. ಹೋದ ಆರು ಮೂಟೆಗಳಲ್ಲಿ ಏನಿತ್ತೆಂಬುದು ದೇವರಿಗೇ ಗೊತ್ತು.

ಅವನ್ನು ಒಂದು ಗ್ರಂಥಾಲಯಕ್ಕೆ ಒಪ್ಪಿಸಬೇಕೆಂದು ಕೊಂಡೊಯ್ದೆವು. ಅಲ್ಲಿಯ ಅಧಿಕಾರಿಗಳು ಸೌಜನ್ಯದಿಂದಲೇ ಮಾತನಾಡಿದರು. ಹರಿದ ಪುಸ್ತಕಗಳನ್ನು ದಾಖಲೆಗೆ ತೆಗೆದುಕೊಳ್ಳುವ ನಿಯಮವಿಲ್ಲ, ಅಂಚಿನಲ್ಲಿ ಬರಹವಿದ್ದರೆ ಅದು ಕೆಟ್ಟ ಪ್ರತಿಯೆಂದು ಲೆಕ್ಕ ಎಂಬುದು ಅವರ ಉತ್ತರವಾಗಿತ್ತು. ಯಾವುದನ್ನು ಡಬ್ಲಿನ್ನಿನ ಗ್ರಂಥಪಾಲಕನು ಕಣ್ಣಿಗೊತ್ತಿಕೊಳ್ಳುತ್ತಿದ್ದನೋ ಅದೇ ಇಲ್ಲಿ ದೋಷವೆನಿಸಿತು. ಓದಲು ಕೊಡುವ ಗ್ರಂಥಾಲಯಕ್ಕೂ ಉಳಿಸಿಡುವ ಗ್ರಂಥಭಂಡಾರಕ್ಕೂ ಇರುವ ಭೇದವು ಇದೇ. ಮೊದಲನೆಯದಕ್ಕೆ ಹೊಸ ಪ್ರತಿ ಬೇಕು. ಎರಡನೆಯದಕ್ಕೆ ಬೇಕಾದುದು ಬಾಳಿದ ಪ್ರತಿ. ಊರಿಗೆ ಎರಡೂ ಬೇಕು. ನಮ್ಮ ನಾಡಿನಲ್ಲಿ ಮೊದಲನೆಯದು ಸಾರ್ವಜನಿಕ ಗ್ರಂಥಾಲಯಗಳ 1965ರ ಶಾಸನದ ಬಲದಿಂದ ಹೋಬಳಿಗಳ ವರೆಗೂ ಹಬ್ಬಿದೆ. ಎರಡನೆಯದು ಬೆರಳೆಣಿಕೆಯಷ್ಟೇ ಇದೆ.

ಇಲ್ಲಿ ಎರಡು ಆಕ್ಷೇಪಗಳು ಹುಟ್ಟಬಹುದು. ಈಗ ಎಲ್ಲ ಪುಸ್ತಕಗಳ ಛಾಯೆಯೂ ಗಣಕಯಂತ್ರದಲ್ಲಿ ದೊರೆಯುವಾಗ ಕಾಗದವನ್ನು ಕಾಯುವುದೇಕೆ ಎಂಬುದು ಮೊದಲನೆಯದು. ಛಾಯೆಯು ಬಹು ಉಪಕಾರಿಯಾದುದು. ನಾವೂ ಅದರಿಂದ ನಿತ್ಯವೂ ಪ್ರಯೋಜನವನ್ನು ಪಡೆಯುತ್ತೇವೆ. ಆದರೆ ಬಿಂಬವಿಲ್ಲದೆ ಪ್ರತಿಬಿಂಬವುಂಟೆ? ಛಾಯೆ ತೆಗೆಯಬೇಕಾದರೆ ಎಲ್ಲಿಯಾದರೂ ಒಂದು ಪ್ರತಿಯು ಉಳಿದಿರಬೇಕು. ಅಲ್ಲದೆ ಛಾಯೆಯಲ್ಲಿ ಕಾಣುವುದು ಯಾವುದೋ ಒಂದು ಪ್ರತಿ. ಪಂಡಿತರ ಟಿಪ್ಪಣಿಯಿರುವುದು ಈ ಪ್ರತಿಯಲ್ಲಿ ಮಾತ್ರ. ಪರದೇಶದ ಕವಿಯ ಚಿಂತೆ ನಮಗೇಕೆ, ನಮ್ಮ ಕವಿಗಳನ್ನೇ ನಾವು ನೋಡಿಕೊಂಡಿಲ್ಲವಲ್ಲ ಎಂಬುದು ಎರಡನೆಯ ಆಕ್ಷೇಪ. ಇದರ ಎರಡನೆಯ ಭಾಗವು ನಿಜ. ಮೊದಲನೆಯ ಭಾಗವು ಅದರಿಂದ ಸಿದ್ಧಿಸುವುದಿಲ್ಲ. ಕುವೆಂಪು ಅವರನ್ನು ಕಾಪಾಡಬೇಕಾದರೆ ಅವರನ್ನು ಕನ್ನಡಕ್ಕೆ ತಿರುಗಿಸಿದವನನ್ನೂ ಕಾಪಾಡಬೇಕು. ಒಂದು ಕಪಾಟಿನ ಮೇಲಿನ ಹಲಗೆಯಲ್ಲಿ ಕಸಿನ್ಸ್, ಅದರ ಕೆಳಗೆ 1922ರ ಆ ಇಂಗ್ಲಿಷ್ ಪುಸ್ತಕ, ಅದರ ಕೆಳಗೆ ‘ಕೊಳಲು’ ಮೊದಲಾಗಿ ‘ರಾಮಾಯಣ ದರ್ಶನಂ’ ವರೆಗಿನ ಮೊದಲ ಮುದ್ರಣಗಳು ಇದ್ದರೆ, ಯಾವ ಉಪನ್ಯಾಸವೂ ಇಲ್ಲದೆ ಕನ್ನಡದ ಒಂದು ಶತಮಾನದ ಕಥೆಯು ಕಣ್ಣಿಗೆ ಕಾಣುತ್ತದೆ. ಇಂತಹ ಕಪಾಟು ಒಂದಾದರೂ ಮೈಸೂರಿನಲ್ಲಿ ಹೆಸರು ಹಾಕಿ ನಿಲ್ಲಬೇಡವೆ?

ಕುಪ್ಪಳಿಯಲ್ಲಿ ಕವಿಮನೆಯನ್ನು ಉಳಿಸಿ, ನೋಡುವವರಿಗೆ ತೆರೆದಿಟ್ಟಿರುವುದು ಸಂತೋಷದ ವಿಷಯ. 2015ರಲ್ಲಿ ಅಲ್ಲಿಗೆ ಕಳ್ಳರು ನುಗ್ಗಿ ಕವಿಗೆ ಸಂದ ಪದ್ಮ ಪದಕಗಳನ್ನು ಕದ್ದರೆಂದು ಕೇಳಿ ನಾಡೆಲ್ಲ ಮರುಗಿತು. ಮರುಗಬೇಕಾದುದೇ. ಆದರೆ ಪದಕಕ್ಕೆ ಕಳ್ಳನ ಭಯವಿದೆಯೆಂದೇ ಅದಕ್ಕೆ ಬೀಗವೂ ಕಾವಲೂ ಉಂಟು. ಹಳೆಯ ಪುಸ್ತಕವನ್ನು ಕದಿಯುವುದಕ್ಕೆ ಯಾರೂ ಬಾಗಿಲು ಮುರಿಯುವುದಿಲ್ಲ. ಅದನ್ನು ಮನೆಯವರೇ ಹೊರಕ್ಕೆ ಹೊತ್ತು ತಂದು ಇಡುತ್ತಾರೆ.

ಉದಾಸೀನದಿಂದ ಏನು ಹೋಗುತ್ತದೆ, ಎಚ್ಚರದಿಂದ ಏನು ಉಳಿಯುತ್ತದೆ ಎಂಬುದಕ್ಕೆ ಮೈಸೂರಿನಲ್ಲಿಯೇ ಒಂದು ನಿದರ್ಶನವಿದೆ. ಕೌಟಿಲ್ಯನ ಅರ್ಥಶಾಸ್ತ್ರವು ಶತಮಾನಗಳ ಕಾಲ ಹೆಸರು ಮಾತ್ರವಾಗಿ ಉಳಿದಿತ್ತು. ಗ್ರಂಥವು ನಷ್ಟವಾಯಿತೆಂದೇ ವಿದ್ವಾಂಸರು ಭಾವಿಸಿದ್ದರು. 1905ರಲ್ಲಿ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದನ್ನು ತಂದು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟರು. ಅಲ್ಲಿದ್ದವರು ಕಾವೇರೀತೀರದ ರುದ್ರಪಟ್ಟಣದಲ್ಲಿ ಹುಟ್ಟಿದ ಆರ್. ಶಾಮಶಾಸ್ತ್ರಿಗಳು. ಅವರು ಅದನ್ನು ಬಿಚ್ಚಿ ನೋಡಿ, ಇದು ಯಾವುದೆಂದು ಗುರುತಿಸಿ, 1909ರಲ್ಲಿ ಅಚ್ಚುಹಾಕಿಸಿದರು. 1915ರಲ್ಲಿ ಅದರ ಇಂಗ್ಲಿಷ್ ಅನುವಾದವೂ ಪ್ರಕಟವಾಯಿತು. ಪ್ರಾಚೀನ ಭಾರತದ ರಾಜನೀತಿಯ ಚರಿತ್ರೆಯನ್ನೇ ಹೊಸದಾಗಿ ಬರೆಯಬೇಕಾಯಿತು. ಶಾಸ್ತ್ರಿಗಳ ಕೀರ್ತಿಯನ್ನು ಲೋಕವು ಬಲ್ಲುದು. ಆ ಪಂಡಿತರ ಹೆಸರು ಲೋಕದ ಬಾಯಲ್ಲಿಲ್ಲ. ಕಟ್ಟು ತಮಗೆ ಬೇಡವೆಂದು ತೋರಿದಾಗ ಅವರು ಅದನ್ನು ಒಲೆಗೂ ಹಾಕಲಿಲ್ಲ, ಹೊಳೆಗೂ ಬಿಡಲಿಲ್ಲ. ಬಲ್ಲವರಿರುವ ಮನೆಯ ಬಾಗಿಲಿಗೆ ಹೊತ್ತು ತಂದರು. ಗೃಹಸ್ಥನು ಮಾಡಬಹುದಾದ ಕೆಲಸವು ಇಷ್ಟೇ, ಆದರೆ ಅದು ಅಷ್ಟು ದೊಡ್ಡದು.

ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಶ್ರೀ ಅಂಕೇಗೌಡರು ಕಟ್ಟಿರುವ ಪುಸ್ತಕಮನೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಬಸ್ಸಿನ ಕಂಡಕ್ಟರಾಗಿಯೂ ಬಳಿಕ ಸಕ್ಕರೆ ಕಾರ್ಖಾನೆಯ ಉದ್ಯೋಗಿಯಾಗಿಯೂ ದುಡಿದ ಒಬ್ಬರು ತಮ್ಮ ಸಂಬಳದಿಂದ ಲಕ್ಷಗಟ್ಟಲೆ ಪುಸ್ತಕಗಳನ್ನು ಕೂಡಿಸಿದ್ದಾರೆ. ಐರ್ಲೆಂಡಿನ ಅಂಚೆ ಇಲಾಖೆಯ ಆ ಕಾರ್ಯದರ್ಶಿಯೂ ನಮ್ಮ ಅಂಕೇಗೌಡರೂ ಎಂದಾದರೂ ಭೇಟಿಯಾಗಿದ್ದರೆ ಮಾತಿಗೆ ಭಾಷೆಯ ಅಡ್ಡಿಯಿರುತ್ತಿರಲಿಲ್ಲ. ಎಲ್ಲರೂ ಅಷ್ಟನ್ನು ಮಾಡಲಾರರು, ಮಾಡಬೇಕಾಗಿಯೂ ಇಲ್ಲ. ಸಾಧಾರಣ ಗೃಹಸ್ಥರಿಗೆ ಉಪಯೋಗವಾಗುವ ಕೆಲವು ಮಾತುಗಳನ್ನು ಇಲ್ಲಿ ಹೇಳುತ್ತೇವೆ.

ಅಟ್ಟದ ಪೆಟ್ಟಿಗೆಯನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ ಇಳಿಸಿ ಬಿಚ್ಚಿರಿ. ಪುಸ್ತಕಗಳನ್ನು ಸುಡುಬಿಸಿಲಿಗೆ ಒಡ್ಡಬೇಡಿರಿ; ನೆರಳಿನಲ್ಲಿ ಗಾಳಿಯಾಡಿಸಿದರೆ ಸಾಕು. ಹರಿದ ಹಾಳೆಗೆ ಅಂಗಡಿಯ ಅಂಟುಪಟ್ಟಿಯನ್ನು ಹಚ್ಚಬೇಡಿರಿ. ಕೆಲವು ವರ್ಷಗಳಲ್ಲಿ ಅದು ಹಳದಿಯ ಕಲೆಯಾಗಿ ಅಕ್ಷರವನ್ನೇ ತಿನ್ನುತ್ತದೆ. ಕಳಚಿದ ಪುಸ್ತಕವನ್ನು ಬಿಳಿಯ ಹತ್ತಿಯ ಬಟ್ಟೆಯಲ್ಲಿ ಸುತ್ತಿ ದಾರದಿಂದ ಕಟ್ಟಿಟ್ಟರೆ ಅದೇ ಉತ್ತಮ ರಕ್ಷೆ. ತಾಳೆಗರಿಗೆ ನಮ್ಮ ಹಿರಿಯರು ಮಾಡುತ್ತಿದ್ದುದೂ ಬಹುಮಟ್ಟಿಗೆ ಇದನ್ನೇ. ವೃತ್ತಪತ್ರಿಕೆಯ ಕಾಗದದಲ್ಲಿ ಸುತ್ತಬೇಡಿರಿ. ಅದರ ಆಮ್ಲವು ಒಳಗಿನ ಕಾಗದಕ್ಕೂ ಇಳಿಯುತ್ತದೆ. ಒಣಗಿದ ಬೇವಿನ ಎಲೆಯನ್ನೋ ಬಜೆಯ ಬೇರನ್ನೋ ಬಟ್ಟೆಯ ಚೀಲದಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿ ಇಡಬಹುದು. ಪೆಟ್ಟಿಗೆಯು ಗೋಡೆಗೂ ನೆಲಕ್ಕೂ ತಾಗದಂತೆ ಹಲಗೆಯ ಮೇಲಿರಲಿ. ಗೆದ್ದಲು ಬರುವ ದಾರಿ ಅವೆರಡೇ.

ಎಲ್ಲಕ್ಕಿಂತ ಮುಖ್ಯವಾದುದು ಪಟ್ಟಿ. ಒಂದು ನಲವತ್ತು ಪುಟದ ಪುಸ್ತಕವನ್ನು ತಂದು ಗ್ರಂಥದ ಹೆಸರು, ಬರೆದವರು, ಅಚ್ಚಾದ ಊರು ಮತ್ತು ವರ್ಷ, ಯಾರ ಸಹಿ ಅಥವಾ ಟಿಪ್ಪಣಿಯಿದೆ ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ರಜೆಗೆ ಬಂದ ಮೊಮ್ಮಕ್ಕಳಿಂದ ಬರೆಯಿಸಿದರೆ ಇನ್ನೂ ಒಳ್ಳೆಯದು. ಅಜ್ಜನ ಅಕ್ಷರವನ್ನು ಅವರು ಒಮ್ಮೆಯಾದರೂ ನೋಡಿದಂತಾಗುತ್ತದೆ. ಪಟ್ಟಿಯಿದ್ದರೆ ಗ್ರಂಥಾಲಯದವರಿಗೆ ತೋರಿಸಬಹುದು, ಬಲ್ಲವರಿಗೆ ಕಳುಹಿಸಬಹುದು. ನಾವಿಲ್ಲದ ದಿನ ಮಕ್ಕಳು ಬಂದು ಪೆಟ್ಟಿಗೆಯನ್ನು ತೆರೆದಾಗ ಇದು ಯಾವುದೆಂದು ಅವರಿಗೆ ಹೇಳುವುದಕ್ಕೆ ಒಂದು ಕಾಗದವಾದರೂ ಇರುತ್ತದೆ. ಕೊಡಬೇಕೆಂದರೆ ಒಡೆದು ಕೊಡಬೇಡಿರಿ. ಒಬ್ಬರು ಕೂಡಿಸಿದುದು ಒಟ್ಟಾಗಿದ್ದರೆ ಅದಕ್ಕೆ ಅರ್ಥವಿರುತ್ತದೆ. ಕೊಡುವ ಮುನ್ನ, ಇದನ್ನು ದಾಖಲೆಗೆ ತೆಗೆದುಕೊಳ್ಳುತ್ತೀರಾ, ಎಲ್ಲಿ ಇಡುತ್ತೀರಿ, ಬೇಡವಾದಾಗ ಯಾರಿಗೆ ಕೊಡುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ. ಕನ್ಯಾದಾನಕ್ಕೆ ಮೊದಲು ವಿಚಾರ ಮಾಡುವುದಿಲ್ಲವೆ?

ಗ್ರಂಥಾಲಯಗಳ ಅಧಿಕಾರಿಗಳಲ್ಲಿ ನಮ್ಮ ಪ್ರಾರ್ಥನೆಯು ಒಂದೇ. ಪ್ರತಿಯೊಂದು ಜಿಲ್ಲೆಯ ಮುಖ್ಯ ಗ್ರಂಥಾಲಯದಲ್ಲಿ ಆ ಸೀಮೆಗೆ ಸಂಬಂಧಪಟ್ಟ ಒಬ್ಬ ಕವಿಗಾದರೂ ಒಂದು ಕಪಾಟನ್ನು ಮೀಸಲಿಡಿರಿ. ಅದರಲ್ಲಿ ಹರಿದ ಪ್ರತಿಗೂ ಬರಹವಿರುವ ಪ್ರತಿಗೂ ಸ್ಥಳವಿರಲಿ. ಅದಕ್ಕೆ ದೊಡ್ಡ ಹಣವು ಬೇಕಾಗಿಲ್ಲ. ಬೇಕಾದುದು ಬೀಗವಿರುವ ಒಂದು ಕಪಾಟು, ಒಂದು ದಾಖಲೆಯ ಪುಸ್ತಕ, ಕೈ ತೊಳೆದು ಮುಟ್ಟುವ ಒಬ್ಬ ಮನುಷ್ಯ.

ನಾವು ತಂದ ಎರಡು ಮೂಟೆಗಳ ಪಟ್ಟಿಯು ಸಿದ್ಧವಾಗಿದೆ. ಒಟ್ಟು 118 ಪುಸ್ತಕಗಳು. ಪಂಡಿತರ ಮಕ್ಕಳಿಗೆ ಅದರ ನಕಲನ್ನು ಕಳುಹಿಸಿದೆವು. ಹಿರಿಯ ಮಗನು ಓದಿ, ತಂದೆಯ ಟಿಪ್ಪಣಿಗಳಿರುವ ಪುಟಗಳ ಛಾಯೆಯನ್ನು ಕೇಳಿ ಬರೆದಿದ್ದಾನೆ. ಮಿಕ್ಕುದೆಲ್ಲವೂ ಒಟ್ಟಾಗಿ ಯೋಗ್ಯವಾದ ಒಂದು ಭಂಡಾರವನ್ನು ಸೇರಲಿ, ತನ್ನ ಒಪ್ಪಿಗೆಯಿದೆ ಎಂದಿದ್ದಾನೆ. ಆ ಭಂಡಾರವು ಇನ್ನೂ ದೊರೆತಿಲ್ಲ. ನಮಗೂ ಅರವತ್ತಾಯಿತು, ನಮ್ಮ ಮನೆಯ ಹುಡುಗರೂ ಪರಸ್ಥಳದಲ್ಲಿದ್ದಾರೆ. ಆದುದರಿಂದ ಈ ಪಟ್ಟಿಯ ಕೆಳಗೆ ನಮ್ಮ ಸ್ವಂತ ಪುಸ್ತಕಗಳ ಪಟ್ಟಿಯನ್ನೂ ಈ ತಿಂಗಳಿನಿಂದಲೇ ಬರೆಯತೊಡಗಿದ್ದೇವೆ. ವಾಚಕರೂ ತಮ್ಮ ಮನೆಯ ಪೆಟ್ಟಿಗೆಯನ್ನು ಇಳಿಸಲಿ. ಅದರಲ್ಲಿ ಅರ್ಥಶಾಸ್ತ್ರವೇ ಇರಬೇಕೆಂಬ ನಿಯಮವಿಲ್ಲ. ಒಬ್ಬ ಅಜ್ಜಿಯು ಬರೆದಿಟ್ಟ ಹಾಡಿನ ಪುಸ್ತಕವಿದ್ದರೂ ಸಾಕು, ಅದರ ಪ್ರತಿಯು ಲೋಕದಲ್ಲಿ ಅದೊಂದೇ. ಇತ್ಯಲಂ.